ತೂಕಕ್ಕೆ ಹೋದ ಯಂತ್ರಗಳು

ಹರಾಜು ಪ್ರಕಟಣೆಗಳನ್ನು ಹೆಂಗಸರು ಓದುವುದಿಲ್ಲ ಎಂದು ಯಾರು ತೀರ್ಮಾನಿಸಿದರೋ ಕಾಣೆ. ಅವನ್ನು ಬರೆಯುವ ರೀತಿ ನೋಡಿದರೆ ಮಾತ್ರ ಅಂಥದೊಂದು ತೀರ್ಮಾನ ಎಲ್ಲೋ ಆಗಿದೆ ಅನ್ನಿಸುತ್ತದೆ. ಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, 'ನಿರುಪಯುಕ್ತ ಹಾಗೂ ಹೆಚ್ಚುವರಿ ಸಾಮಗ್ರಿಗಳ ವಿಲೇವಾರಿ' ಎಂಬ ತಲೆಬರಹ. ಅದರ ಕೆಳಗೆ ಲಾಟಿನ ಸಂಖ್ಯೆ, ಠೇವಣಿಯ ಮೊತ್ತ, 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತು, ಕೊನೆಗೊಂದು ಸಹಿ. ಏನನ್ನು ಮಾರುತ್ತಿದ್ದಾರೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅದರಲ್ಲಿರುತ್ತದೆ. ಗುಜರಿ ವ್ಯಾಪಾರಿಗೆ ಅಷ್ಟು ಸಾಕು. ಅವನಿಗೆ ಬೇಕಾದದ್ದು ಟನ್ನಿನ ಲೆಕ್ಕ. ಆ ಟನ್ನಿನೊಳಗೆ ಯಾರದೋ ಹೊಟ್ಟೆಪಾಡಿಗೆ ಆಗಬಹುದಾದ ಒಂದು ಯಂತ್ರ ಇದ್ದೀತು ಎಂಬ ಯೋಚನೆ ಬರೆದವರಿಗೂ ಇಲ್ಲ, ಸಹಿ ಹಾಕಿದವರಿಗೂ ಇಲ್ಲ.

ನಾನು ಈ ಪ್ರಕಟಣೆಗಳನ್ನು ಓದುತ್ತೇನೆ. ಹದಿನೈದು ವರ್ಷದಿಂದ ಓದುತ್ತಿದ್ದೇನೆ. ಮದುವೆ, ಮುಂಜಿ, ನಿಧನ ವಾರ್ತೆಗಳಿಗಿಂತ ಮೊದಲು ನನ್ನ ಕಣ್ಣು ಅಲ್ಲಿಗೆ ಹೋಗುತ್ತದೆ. ಏಕೆಂದರೆ ನಾನು ಮರಗೆಲಸದವಳು. ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರು ಒಂದು ಕ್ಷಣ ಸುಮ್ಮನಾಗುತ್ತಾರೆ. 'ಅಂದರೆ ಗೊಂಬೆಗೆ ಬಣ್ಣ ಹಚ್ಚುವುದಾ?' ಎಂದು ಕೇಳುತ್ತಾರೆ. ಅಲ್ಲ. ಹಲಸು, ಬೇವು, ಸಿಲ್ವರ್ ಓಕ್ ಕೊಯ್ದು, ಹತ್ತರಿ ಹಿಡಿದು, ಕೂಡಿಸಿ, ಮಣೆ, ಲಟ್ಟಣಿಗೆ, ಕಡಗೋಲು, ತೊಟ್ಟಿಲು, ಶಾಲೆಯ ಬೆಂಚು ಮಾಡುವುದು. ಅಪ್ಪನಿಂದ ಕಲಿತದ್ದು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ನಾವು ಐವರು ಹೆಂಗಸರು ಕೆಲಸ ಮಾಡುತ್ತೇವೆ. ಸೆರಗು, ದುಪಟ್ಟಾ ಯಾವುದೂ ಇಲ್ಲ. ಮಂಡಿಯವರೆಗಿನ ಒಂದು ಕೋಟು, ಬಿಗಿಯಾಗಿ ಸುತ್ತಿಕೊಂಡ ಕೂದಲು. ಬಳೆಯನ್ನು ಗೋಡೆಯ ಮೊಳೆಗೆ ತಗುಲಿಸಿಯೇ ಒಳಗೆ ಕಾಲಿಡುವುದು.

ನಮ್ಮಲ್ಲಿ ಇಲ್ಲದ್ದು ಯಂತ್ರ. ಒಂದು ಪುಟ್ಟ ಟೇಬಲ್ ಗರಗಸ, ಒಂದು ಕೈಡ್ರಿಲ್ಲು ಬಿಟ್ಟರೆ ಎಲ್ಲ ಕೈಯ ಕೆಲಸವೇ. ಹಲಗೆಯನ್ನು ಒಂದೇ ದಪ್ಪಕ್ಕೆ ತರಬೇಕಾದರೆ ಹತ್ತರಿ ಹಿಡಿದು ನೂಕಬೇಕು. ಒಂದು ಹಲಗೆಗೆ ಮುಕ್ಕಾಲು ಗಂಟೆ. ಹತ್ತು ಹಲಗೆಯಾಗುವ ಹೊತ್ತಿಗೆ ಭುಜ ಬಿದ್ದು ಹೋಗುತ್ತದೆ. ಥಿಕ್‌ನೆಸ್ ಪ್ಲೇನರ್ ಎಂಬ ಯಂತ್ರ ಇದನ್ನು ಎರಡು ನಿಮಿಷದಲ್ಲಿ ಮಾಡುತ್ತದೆ. ಅದರೊಳಗಿನ ಉರುಳೆಗಳೇ ಹಲಗೆಯನ್ನು ಎಳೆದುಕೊಳ್ಳುತ್ತವೆ. ನಾವು ಒಂದು ಕಡೆ ಕೊಡುವುದು, ಇನ್ನೊಂದು ಕಡೆ ಹಿಡಿದುಕೊಳ್ಳುವುದು, ಅಷ್ಟೆ. ತೋಳಿನ ಬಲದ ಪ್ರಶ್ನೆಯೇ ಅಲ್ಲಿಲ್ಲ. 'ಮರಗೆಲಸಕ್ಕೆ ಗಂಡಸಿನ ರಟ್ಟೆ ಬೇಕು' ಎಂದು ಇಷ್ಟು ಕಾಲ ಹೇಳಿಕೊಂಡು ಬಂದ ಮಾತನ್ನು ಸುಳ್ಳು ಮಾಡುವ ಯಂತ್ರ ಅದು. ಹೊಸದಕ್ಕೆ ನಮಗೆ ಸಿಕ್ಕಿದ ದರಪಟ್ಟಿ ಒಂದೂವರೆ ಲಕ್ಷದ ಮೇಲಿತ್ತು.

ಹೀಗಿರುವಾಗ ನಮ್ಮ ಊರಿಗೆ ಹತ್ತಿರದ ಒಂದು ತರಬೇತಿ ಸಂಸ್ಥೆಯಲ್ಲಿ ಬಡಗಿ ವಿಭಾಗ ಮುಚ್ಚಿತು. ಹುಡುಗರು ಸೇರುತ್ತಿಲ್ಲ ಎಂಬುದು ಅವರು ಕೊಟ್ಟ ಕಾರಣ. ಹುಡುಗಿಯರನ್ನು ಯಾರಾದರೂ ಕರೆದಿದ್ದರೇ ಎಂದು ನಾನು ಕೇಳಿದೆ. ಉತ್ತರ ಬರಲಿಲ್ಲ. ಅಲ್ಲಿದ್ದ ಯಂತ್ರಗಳು ಹರಾಜಿಗೆ ಬಂದವು.

ಅವು ಎಂಥ ಯಂತ್ರಗಳು ಎಂದು ಓದುಗರಿಗೆ ಸ್ವಲ್ಪ ಹೇಳಬೇಕು. ಒಂದು ಥಿಕ್‌ನೆಸ್ ಪ್ಲೇನರ್, ಒಂದು ಸರ್ಫೇಸ್ ಪ್ಲೇನರ್, ಒಂದು ಬ್ಯಾಂಡ್ ಸಾ, ನಾಲ್ಕು ಮರದ ಲೇತುಗಳು. ಎಲ್ಲವೂ ಬೀಡು ಕಬ್ಬಿಣದ ಎರಕದ ಮೈಯವು. ಬೀಡು ಕಬ್ಬಿಣಕ್ಕೆ ಒಂದು ಗುಣ ಉಂಟು. ಅದು ನಡುಕವನ್ನು ತನ್ನೊಳಗೇ ಇಂಗಿಸಿಕೊಳ್ಳುತ್ತದೆ. ತಗಡು ಮಡಚಿ ಮಾಡಿದ ಇಂದಿನ ಅಗ್ಗದ ಯಂತ್ರಗಳಂತೆ ಗಡಗಡ ಎನ್ನುವುದಿಲ್ಲ. ಮೂವತ್ತು ನಲವತ್ತು ವರ್ಷವಾದರೂ ಮೈ ಸವೆಯುವುದಿಲ್ಲ. ಸವೆಯುವುದು ಬೇರಿಂಗು, ಬೆಲ್ಟು, ಬ್ಲೇಡು. ಬೇರಿಂಗಿಗೆ ನಂಬರಿದೆ. 6205 ಎಂದು ಅಂಗಡಿಯಲ್ಲಿ ಹೇಳಿದರೆ ಯಾವ ಊರಿನಲ್ಲಾದರೂ ಅದೇ ಅಳತೆಯದು ಸಿಗುತ್ತದೆ. ಮೋಟಾರು ಸುಟ್ಟಿದ್ದರೆ ಹೊಸದಾಗಿ ತಂತಿ ಸುತ್ತಿಸಿದರೆ ಮುಗಿಯಿತು. ಒಂದೇ ಹೆದರಿಕೆ, ಬೀಡು ಬಿರುಕು ಬಿಟ್ಟಿದ್ದರೆ ಅದಕ್ಕೆ ಬೆಸುಗೆ ಸುಲಭದಲ್ಲಿ ನಿಲ್ಲುವುದಿಲ್ಲ. ಅದನ್ನು ಮೊದಲೇ ನೋಡಿಕೊಳ್ಳಬೇಕು.

ನಾವು ನೋಡಿಕೊಂಡೆವು. ಪರಿಶೀಲನೆಗೆ ಕೊಟ್ಟ ಸಮಯ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರಿಂದ ಒಂದು. ಮಕ್ಕಳನ್ನು ಶಾಲೆಗೆ ಕಳಿಸಿ, ಅಡುಗೆ ಮುಗಿಸಿ, ಎರಡು ಬಸ್ಸು ಬದಲಾಯಿಸಿ ಹನ್ನೊಂದಕ್ಕೆ ಸರಿಯಾಗಿ ಗೇಟಿನಲ್ಲಿದ್ದೆವು. ಜೊತೆಗೆ ಅಲ್ಲೇ ಕಲಿಸಿ ನಿವೃತ್ತರಾದ ಮೇಷ್ಟ್ರನ್ನೂ ಕರೆದುಕೊಂಡು ಹೋಗಿದ್ದೆವು. ವಿದ್ಯುತ್ ಸಂಪರ್ಕ ತೆಗೆದುಹಾಕಿದ್ದರಿಂದ ಯಂತ್ರ ಓಡಿಸಿ ನೋಡುವಂತಿರಲಿಲ್ಲ. ಮೇಷ್ಟ್ರು ಕೈಯಿಂದಲೇ ತಿರುಗಿಸಿದರು, ಕಿವಿಯಿಟ್ಟು ಕೇಳಿದರು, ಮೇಜಿನ ಮೇಲೆ ಉಕ್ಕಿನ ಪಟ್ಟಿ ಇಟ್ಟು ಸೊಟ್ಟ ನೋಡಿದರು. 'ಥಿಕ್‌ನೆಸ್ಸಿಗೆ ಎರಡು ಬೇರಿಂಗು ಹಾಕಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ, ತಾಯಿ' ಎಂದರು.

ಕಚೇರಿಯಲ್ಲಿ ಗುಮಾಸ್ತರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. 'ಇದೆಲ್ಲ ನಿಮಗ್ಯಾಕಮ್ಮಾ? ಹೊಲಿಗೆ ಮಿಷನ್ನಿಗೆ ಅರ್ಜಿ ಹಾಕಿ, ಕೊಡ್ತಾರೆ' ಅಂದರು. ಕೆಟ್ಟ ಮನುಷ್ಯರಲ್ಲ. ನಿಜವಾಗಿಯೂ ನಮಗೆ ಒಳ್ಳೆಯದಾಗಲಿ ಎಂದೇ ಹೇಳಿದ್ದು. ಅದೇ ನನಗೆ ಹೆಚ್ಚು ಕೋಪ ತರಿಸಿದ್ದು.

ಮೂರು ಯಂತ್ರಕ್ಕೆ ನಾವು ಬರವಣಿಗೆಯಲ್ಲಿ ಬೆಲೆ ಕೊಟ್ಟೆವು. ಥಿಕ್‌ನೆಸ್ ಪ್ಲೇನರಿಗೆ 45,000, ಸರ್ಫೇಸಿಗೆ 30,000, ಬ್ಯಾಂಡ್ ಸಾಗೆ 35,000. ಒಟ್ಟು 1,10,000 ರೂಪಾಯಿ. ನಮ್ಮ ಚೀಟಿಯ ಹಣ, ಒಬ್ಬಳ ಬಳೆ ಅಡವು, ಸಂಘದ ಸಾಲ ಎಲ್ಲ ಸೇರಿಸಿ ಹೊಂದಿಸಿದ ದುಡ್ಡು ಅದು. ಉತ್ತರ ಎರಡು ಸಾಲಿನದು. ಲಾಟನ್ನು ಒಡೆಯಲು ಬರುವುದಿಲ್ಲ. ಬೇಕಾದರೆ ಇಡೀ ಲಾಟಿಗೆ ಸವಾಲು ಹಾಕಬಹುದು.

ಇಡೀ ಲಾಟು ಎಂದರೆ ಏನು ಗೊತ್ತೇ? ಈ ಯಂತ್ರಗಳು, ಮುರಿದ ಕಬ್ಬಿಣದ ಮಂಚಗಳು, ತುಕ್ಕು ಹಿಡಿದ ಅಲ್ಮೇರಾಗಳು, ಹಳೆಯ ನೀರಿನ ಟ್ಯಾಂಕು, ಕಿಟಕಿ ಸರಳುಗಳು, ಚಕ್ರವಿಲ್ಲದ ಒಂದು ಜೀಪು. ಎಲ್ಲ ಸೇರಿ ಒಂಬತ್ತು ಟನ್ನಿನ ಸುಮಾರು. ಅದಕ್ಕೆ ಠೇವಣಿಯೇ ಒಂದು ಲಕ್ಷ. ಗೆದ್ದರೆ ಏಳು ದಿನದಲ್ಲಿ ಪೂರ್ತಿ ಹಣ, ಅದರ ಮೇಲೆ ಜಿ.ಎಸ್.ಟಿ., ಹದಿನೈದು ದಿನದಲ್ಲಿ ಎಲ್ಲವನ್ನೂ ಎತ್ತಿಕೊಂಡು ಜಾಗ ಖಾಲಿ ಮಾಡಬೇಕು. ಒಂದು ಹತ್ತರಿ ಯಂತ್ರ ಬೇಕೆಂದವಳು ಚಕ್ರವಿಲ್ಲದ ಜೀಪನ್ನೂ ಕೊಳ್ಳಬೇಕು. ಅರ್ಧ ಸೇರು ತೊಗರಿಬೇಳೆಗೆ ಹೋದವಳಿಗೆ ಅಂಗಡಿಯವನು 'ಇಡೀ ಅಂಗಡಿ ಕೊಂಡುಕೋ, ಇಲ್ಲದಿದ್ದರೆ ಹೊರಡು' ಎಂದ ಹಾಗೆ.

ಲಾಟು 3,60,000 ರೂಪಾಯಿಗೆ ಒಬ್ಬ ಗುಜರಿ ವ್ಯಾಪಾರಿಗೆ ಹೋಯಿತು. ಕಿಲೋಗೆ 40 ರೂಪಾಯಿ ಬಿತ್ತು. ಈಗ ನಾವು ಹೆಂಗಸರು ಸಂತೆಯಿಂದ ಬಂದು ಮಾಡುವ ಲೆಕ್ಕವನ್ನು ಮಾಡೋಣ. ನಮ್ಮ ಮೂರು ಯಂತ್ರಗಳ ತೂಕ 450, 300, 400 ಕಿಲೋ. ಒಟ್ಟು 1,150 ಕಿಲೋ. ನಲವತ್ತರಂತೆ 46,000 ರೂಪಾಯಿ. ನಾವು ಬರೆದುಕೊಟ್ಟದ್ದು 1,10,000. ಸಾರ್ವಜನಿಕರ ಬೊಕ್ಕಸಕ್ಕೆ ಮೂರೇ ಯಂತ್ರದಲ್ಲಿ 64,000 ನಷ್ಟ. ಇದನ್ನು ನಿಯಮದ ಪ್ರಕಾರ ಆದ ಮಾರಾಟ ಎನ್ನುತ್ತಾರೆ. ಯಾರೂ ಲಂಚ ತೆಗೆದುಕೊಂಡಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಕಾಗದವೆಲ್ಲ ಸರಿಯಾಗಿದೆ. ದುಡ್ಡು ಮಾತ್ರ ಹೋಗಿದೆ.

ನಾವು ಮೂರನೆಯ ದಿನ ಆ ವ್ಯಾಪಾರಿಯ ಅಂಗಳಕ್ಕೂ ಹೋದೆವು. ಥಿಕ್‌ನೆಸ್ ಪ್ಲೇನರ್ ಆಗಲೇ ಬೇರೆ ಜಿಲ್ಲೆಯ ಪೀಠೋಪಕರಣದವರೊಬ್ಬರಿಗೆ 90,000ಕ್ಕೆ ಹೋಗಿತ್ತು. ಸರ್ಕಾರದ ಕೈಗೆ ಬಂದದ್ದು ಅದಕ್ಕೆ 18,000. ಬ್ಯಾಂಡ್ ಸಾಗೆ ಗಿರಾಕಿ ಇಲ್ಲವೆಂದು ಇಬ್ಬರು ಹುಡುಗರು ದೊಡ್ಡ ಸುತ್ತಿಗೆ ಹಿಡಿದು ಅದರ ಚಕ್ರ ಒಡೆಯುತ್ತಿದ್ದರು. ಬೀಡು ಒಡೆಯುವ ಸದ್ದು ಗಡಿಗೆ ಒಡೆಯುವ ಸದ್ದಿನಂತೆಯೇ ಇರುತ್ತದೆ, ಅದಕ್ಕಿಂತ ದೊಡ್ಡದು, ಅಷ್ಟೆ. 'ಅಕ್ಕಾ, ಒಂದಿನ ಮುಂಚೆ ಬಂದಿದ್ರೆ ಕೊಡ್ತಿದ್ದೆ. ಫೌಂಡ್ರಿಗೆ ಲಾರಿ ಹೊರಟಿದೆ, ಲೋಡು ತುಂಬಬೇಕು' ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನ ಕಸುಬು ತೂಗುವುದು. ತೂಗಿದ. ಆದರೆ ತರಬೇತಿ ಸಂಸ್ಥೆಯ ಕಸುಬು ತೂಗುವುದಲ್ಲವಲ್ಲ!

ಆ ವರ್ಷ ನಮಗೆ ಒಂದು ಶಿಶುವಿಹಾರದಿಂದ ಅರವತ್ತು ಪುಟ್ಟ ಬೆಂಚುಗಳ ಕೆಲಸ ಬಂದಿತ್ತು. ಜೂನ್ ಒಂದಕ್ಕೆ ಕೊಡಬೇಕು. ಕೈ ಹತ್ತರಿಯಲ್ಲಿ ಆಗುವ ಮಾತಲ್ಲ. ಬಿಟ್ಟುಕೊಟ್ಟೆವು. ಮಕ್ಕಳು ಈಗ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ನಮ್ಮ ಐವರಲ್ಲಿ ಇಬ್ಬರು ಗಾರ್ಮೆಂಟ್ಸ್ ಬಸ್ಸು ಹತ್ತಿದರು. ಒಂದು ಹರಾಜಿನಲ್ಲಿ ಏನು ಹೋಗುತ್ತದೆ ಎಂದು ಕೇಳುವವರಿಗೆ ಇದು ನನ್ನ ಉತ್ತರ.

ಇಷ್ಟು ಹೇಳಿದರೆ ಸಾಕು, ಬುದ್ಧಿ ಹೇಳುವವರು ಬರುತ್ತಾರೆ. 'ಹರಾಜೆಂದರೆ ಹರಾಜು. ಬಾಗಿಲು ಎಲ್ಲರಿಗೂ ತೆರೆದಿತ್ತು. ಹಣ ಇದ್ದವರು ಕೊಂಡರು. ಇದರಲ್ಲಿ ಹೆಣ್ಣು ಗಂಡು ಎಲ್ಲಿಂದ ಬಂತು?' ಎನ್ನುತ್ತಾರೆ. ಬಾಗಿಲು ತೆರೆದಿತ್ತು, ನಿಜ. ಹೊಸ್ತಿಲು ಮಾತ್ರ ಎದೆಯುದ್ದ ಇತ್ತು. ಹಾರಬಲ್ಲವರು ಹಾರಿದರು. ಈ ದೇಶದಲ್ಲಿ ಒಂದು ಲಕ್ಷ ಠೇವಣಿಯನ್ನು ಒಂದು ವಾರದಲ್ಲಿ ಕಟ್ಟಬಲ್ಲ ಹೆಂಗಸರು ಎಷ್ಟು ಜನ? ಮನೆಯ ಪತ್ರ ಯಾರ ಹೆಸರಿನಲ್ಲಿದೆ? ಬ್ಯಾಂಕಿನವರು ಸಾಲ ಕೊಡುವಾಗ ಯಾರ ಸಹಿ ಕೇಳುತ್ತಾರೆ? ಓದುತ್ತಿರುವ ನೀವೇ ನಿಮ್ಮ ಮನೆಯ ಕಾಗದಪತ್ರಗಳನ್ನೊಮ್ಮೆ ತೆಗೆದು ನೋಡಿ. ಆಮೇಲೆ ಹೆಣ್ಣು ಗಂಡು ಎಲ್ಲಿಂದ ಬಂತು ಎಂದು ಕೇಳಿ.

ಇನ್ನು ಕೆಲವರು ಎಲ್ಲ ತಪ್ಪನ್ನೂ ಕಂಪ್ಯೂಟರಿನ ಮೇಲೆ ಹಾಕುತ್ತಾರೆ. ಈಗ ಹರಾಜುಗಳು ಹೆಚ್ಚಾಗಿ ಇಂಟರ್‌ನೆಟ್ಟಿನಲ್ಲೇ ನಡೆಯುತ್ತವೆ. 1964ರಲ್ಲಿ ಕಬ್ಬಿಣದ ಗುಜರಿಯ ವ್ಯವಹಾರಕ್ಕೆಂದೇ ಹುಟ್ಟಿದ ಕೇಂದ್ರ ಸರ್ಕಾರದ ಎಂ.ಎಸ್.ಟಿ.ಸಿ. ಸಂಸ್ಥೆ ಇಂದು ಇಂಥ ಇ-ಹರಾಜುಗಳನ್ನು ನಡೆಸಿಕೊಡುತ್ತದೆ. ಇದನ್ನು ನಾನು ದೂರುವುದಿಲ್ಲ. ಹಿಂದಿನ ಬಹಿರಂಗ ಹರಾಜು ಹೇಗಿರುತ್ತಿತ್ತು ಎಂದು ಅಪ್ಪನ ಜೊತೆ ಹೋಗಿ ಕಂಡಿದ್ದೇನೆ. ನಾಲ್ಕು ಜನ ವ್ಯಾಪಾರಿಗಳು ಹುಣಸೆಮರದ ಕೆಳಗೆ ಮೊದಲೇ ಮಾತಾಡಿಕೊಂಡು ಬರುತ್ತಿದ್ದರು. ಒಬ್ಬ ಕೂಗುವುದು, ಮಿಕ್ಕವರು ಕೆಮ್ಮುವುದು. ಹೊರಗಿನವನೊಬ್ಬ ಬೆಲೆ ಏರಿಸಿದರೆ ಅವನನ್ನು ದುರುಗುಟ್ಟಿ ನೋಡುವುದು. ಅಲ್ಲಿ ಒಬ್ಬ ಹೆಂಗಸು ನಿಂತು ಸವಾಲು ಕೂಗುವುದು ಕನಸಿನ ಮಾತು. ಪರದೆಯ ಮೇಲೆ ಕೂಗುವವರು ಹೆಣ್ಣೋ ಗಂಡೋ ಯಾರಿಗೂ ಕಾಣದು. ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ. ನನ್ನ ಜಗಳ ಪರದೆಯ ಜೊತೆಯಲ್ಲ. ಪರದೆಗೆ ಬರುವ ಮೊದಲು, ಕಚೇರಿಯ ಮೇಜಿನ ಮೇಲೆ, ಬೇರೆ ಬೇರೆಯಾಗಿದ್ದದ್ದನ್ನೆಲ್ಲ ಒಂದು ರಾಶಿ ಮಾಡಿ 'ಲಾಟು' ಎಂದು ಹೆಸರಿಡುತ್ತಾರಲ್ಲ, ಅದರ ಜೊತೆ.

'ನಿಯಮ ಹಾಗಿದೆ' ಎಂಬುದು ಕೊನೆಯ ಗುರಾಣಿ. ಯಾವ ನಿಯಮ? ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಹೆಚ್ಚುವರಿ ವಸ್ತುಗಳ ವಿಲೇವಾರಿಗೆಂದೇ ಒಂದು ಭಾಗವಿದೆ. ಅಂದಾಜು ಬೆಲೆ ಎರಡು ಲಕ್ಷಕ್ಕಿಂತ ಹೆಚ್ಚಿದ್ದರೆ ಟೆಂಡರು ಇಲ್ಲವೇ ಬಹಿರಂಗ ಹರಾಜು ಎಂದಿತು ಆ ನಿಯಮ. ಅದಕ್ಕಿಂತ ಕಡಿಮೆಯಿದ್ದರೆ ಹೇಗೆ ಮಾರಬೇಕೆಂಬುದನ್ನು ಅಧಿಕಾರವುಳ್ಳ ಅಧಿಕಾರಿಯ ವಿವೇಚನೆಗೆ ಬಿಟ್ಟಿತು. ಈಗ ನೀವೇ ಹೇಳಿ. ಒಂದು ಹಳೆಯ ಪ್ಲೇನರನ್ನು ಬೇರೆಯಾಗಿ ಮಾರಿದರೆ ಅದು ಎರಡು ಲಕ್ಷ ಮುಟ್ಟುತ್ತದೆಯೇ? ಇಲ್ಲ. ರಾಶಿಗೆ ಸೇರಿಸಿದರೆ ಮುಟ್ಟುತ್ತದೆ. ಅಂದರೆ ರಾಶಿ ಮಾಡಿದಾಗಲೇ ದೊಡ್ಡ ಹರಾಜು, ದೊಡ್ಡ ಠೇವಣಿ, ದೊಡ್ಡ ವ್ಯಾಪಾರಿ. ಬಿಡಿಸಿದರೆ ವಿವೇಚನೆಗೆ ಎಡೆಯುಂಟು. ರಾಜ್ಯದ ಸಂಸ್ಥೆಗಳಿಗೆ ಬೇರೆ ನಿಯಮಗಳಿದ್ದರೂ ರಾಶಿ ಮಾಡುವ ಕೈ ಮಾತ್ರ ಎಲ್ಲ ಕಡೆಯೂ ಒಂದೇ. ಒಂದು ಕಡತ, ಒಂದು ಸಹಿ, ಒಂದು ಲಾರಿ. ಯಾರಿಗೂ ತಲೆನೋವಿಲ್ಲ.

ವಿವೇಚನೆ ಎಂದರೆ ಅಧಿಕಾರಿಗಳು ಹೆದರುತ್ತಾರೆ. ನಾಳೆ ಆಡಿಟ್ಟಿನವರು 'ಇವರಿಗೇ ಯಾಕೆ ಕೊಟ್ಟಿರಿ' ಎಂದು ಕೇಳಿದರೆ? ಹೆದರಿಕೆ ಸುಳ್ಳಲ್ಲ. ಹಾಗಾದರೆ ವಿವೇಚನೆ ಬೇಡ, ನಿಯಮವನ್ನೇ ಮಾಡಿ. ಕೊಳ್ಳುವಾಗ ಸರ್ಕಾರ ಹೀಗೆಯೇ ಮಾಡಿದೆಯಲ್ಲ! 2012ರಲ್ಲಿ ಕೇಂದ್ರ ಸರ್ಕಾರ ಒಂದು ಆದೇಶ ತಂದಿತು. ತನ್ನ ಇಲಾಖೆಗಳು, ಉದ್ದಿಮೆಗಳು ವರ್ಷದಲ್ಲಿ ಕೊಳ್ಳುವುದರಲ್ಲಿ ಶೇಕಡ 20 ಭಾಗವನ್ನು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಂದಲೇ ಕೊಳ್ಳಬೇಕು. ಅವಕ್ಕೆ ಟೆಂಡರು ಪತ್ರ ಉಚಿತ, ಠೇವಣಿ ಬೇಡ ಎಂದಿತು. 2018ರಲ್ಲಿ ಆ ಪಾಲನ್ನು ಶೇಕಡ 25ಕ್ಕೆ ಏರಿಸಿ, ಅದರಲ್ಲಿ ಶೇಕಡ 3 ಹೆಂಗಸರು ನಡೆಸುವ ಉದ್ದಿಮೆಗಳಿಗೆ ಎಂದು ಇಟ್ಟಿತು. ಒಳ್ಳೆಯ ಕೆಲಸ. ನನ್ನ ಪ್ರಶ್ನೆ ಇಷ್ಟೆ. ನಾವು ಮಾಡಿದ ಬೆಂಚನ್ನು ಸರ್ಕಾರ ಕೊಳ್ಳುವಾಗ ನಾವು ಹೆಂಗಸರು, ಸಣ್ಣವರು, ಠೇವಣಿ ಕಟ್ಟಲಾರದವರು ಎಂದು ಅದಕ್ಕೆ ಗೊತ್ತಾಗುತ್ತದೆ. ಆ ಬೆಂಚು ಮಾಡುವ ಯಂತ್ರವನ್ನು ಅದೇ ಸರ್ಕಾರ ಮಾರುವಾಗ ನಾವು ಇದ್ದಕ್ಕಿದ್ದಂತೆ ಗುಜರಿ ಸಾಹುಕಾರರಿಗೆ ಸರಿಸಮಾನರಾಗುವುದು ಹೇಗೆ?

ಸಹಾಯದ ಯೋಜನೆಗಳೇ ಇಲ್ಲ ಎಂದೇನೂ ನಾನು ಹೇಳುತ್ತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಮರಗೆಲಸವೂ ಒಂದು. ಉಪಕರಣಕ್ಕೆಂದು 15,000 ರೂಪಾಯಿ, ಮೊದಲ ಸಾಲ ಒಂದು ಲಕ್ಷದವರೆಗೆ, ಬಡ್ಡಿ ಶೇಕಡ 5. ಹದಿನೈದು ಸಾವಿರಕ್ಕೆ ಉಳಿ, ಕೈ ಗರಗಸ, ಕೈಡ್ರಿಲ್ಲು ಬರುತ್ತವೆ. ಬೇಡವೆನ್ನುವುದಿಲ್ಲ. ಆದರೆ ಇದು ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಗಂಡ ಹೆಂಡತಿ ಇಬ್ಬರೂ ಮರಗೆಲಸದವರಾಗಿದ್ದರೆ ಅರ್ಜಿಯಲ್ಲಿ ಯಾರ ಹೆಸರು ಬೀಳುತ್ತದೆ ಎಂದು ನಾನು ಬೇರೆ ಹೇಳಬೇಕೇ? ನಮ್ಮ ಐವರಲ್ಲಿ ಒಬ್ಬಳಿಗೆ ಹೀಗೆಯೇ ಆಯಿತು. ಗಂಡ ಉಳಿ ಹಿಡಿಯುವುದನ್ನು ಬಿಟ್ಟು ಆರು ವರ್ಷವಾಗಿದೆ. ಉಪಕರಣದ ಪೆಟ್ಟಿಗೆ ಅವನ ಹೆಸರಿಗೆ ಬಂತು.

ಮತ್ತೆ ಆ ಹೊಲಿಗೆ ಯಂತ್ರದ ಮಾತಿಗೆ ಬರುತ್ತೇನೆ. ಹೊಲಿಗೆ ಯಂತ್ರದ ಮೇಲೆ ನನಗೆ ಗೌರವವಿದೆ. ನಮ್ಮ ಅತ್ತೆ ಅದರ ಮೇಲೆಯೇ ಮೂವರು ಮಕ್ಕಳನ್ನು ಓದಿಸಿದವರು. ಆದರೆ ಹೆಣ್ಣಿಗೊಂದು ಯಂತ್ರ ಎಂದ ಕೂಡಲೇ ಎಲ್ಲ ಯೋಜನೆಗೂ, ಎಲ್ಲ ದಾನಿಗೂ, ಎಲ್ಲ ಚುನಾವಣೆಗೂ ಅದೊಂದೇ ನೆನಪಾಗುವುದೇಕೆ? ಅದು ಮನೆಯ ಮೂಲೆಯಲ್ಲಿ ಕೂರುತ್ತದೆ, ಸದ್ದು ಕಡಿಮೆ, ನಡುವೆ ಎದ್ದು ಒಗ್ಗರಣೆ ಹಾಕಿ ಬರಬಹುದು. ಅಂದರೆ ಹೆಣ್ಣು ಮನೆಯಿಂದ ಏಳದೆ ದುಡಿಯಬಹುದು. ತ್ರೀ ಫೇಸ್ ಕರೆಂಟು ಬೇಡುವ, ಕೊಟ್ಟಿಗೆ ಬೇಡುವ, ಲಾರಿ ಬಂದು ನಿಲ್ಲುವ ಯಂತ್ರ ಹೆಣ್ಣಿನದಾದರೆ ಆ ಲೆಕ್ಕವೆಲ್ಲ ತಪ್ಪುತ್ತದೆ.

ಕಾನೂನಿನಲ್ಲಿಯೂ ಈ ಅಂಜಿಕೆ ಬಹಳ ಕಾಲ ಇತ್ತು. 1948ರ ಕಾರ್ಖಾನೆ ಕಾಯಿದೆಯ 22ನೆಯ ಕಲಮಿನಲ್ಲಿ, ಓಡುತ್ತಿರುವ ಮುಖ್ಯ ಚಾಲಕ ಯಂತ್ರವನ್ನು ಶುಚಿ ಮಾಡುವುದು, ಎಣ್ಣೆ ಬಿಡುವುದು, ಸರಿಪಡಿಸುವುದು ಹೆಂಗಸರಿಗೆ ಮತ್ತು ಎಳೆಯರಿಗೆ ಕೂಡದು ಎಂದು ಬರೆದಿತ್ತು. ಹೆಂಗಸು ಮತ್ತು ಎಳೆಯರು ಒಂದೇ ಸಾಲಿನಲ್ಲಿ. ಓಡುವ ಯಂತ್ರಕ್ಕೆ ಕೈ ಹಾಕಬಾರದು ಎಂಬುದು ಸರಿ. ಆದರೆ ಅದು ಗಂಡಸಿನ ಬೆರಳಿಗೂ ಸರಿಯಲ್ಲವೇ? ಬ್ಲೇಡಿಗೆ ಗಂಡಸಿನ ಬೆರಳು, ಹೆಂಗಸಿನ ಬೆರಳು ಎಂಬ ಭೇದ ಗೊತ್ತಿಲ್ಲ. ಹಲಗೆ ನೂಕಲು ಕೋಲು ಬಳಸಬೇಕು, ರಕ್ಷಣೆಯ ಮುಚ್ಚಳ ತೆಗೆಯಬಾರದು, ತಿರುಗುವ ಬ್ಲೇಡಿನ ಹತ್ತಿರ ಕೈಗವಸು ಹಾಕಬಾರದು ಎಂಬ ಪಾಠ ಎಲ್ಲರಿಗೂ ಒಂದೇ. ನಮ್ಮ ಕೊಟ್ಟಿಗೆಯಲ್ಲಿ ಈವರೆಗೆ ಯಾರ ಬೆರಳೂ ಹೋಗಿಲ್ಲ.

ಹೆಣ್ಣಿಗೆ ಯಂತ್ರ ಒಗ್ಗುವುದಿಲ್ಲ ಎನ್ನುವವರು ನಮ್ಮ ನಾಡಿನ ಚರಿತ್ರೆಯನ್ನೇ ಮರೆತಿದ್ದಾರೆ. ಬೆಂಗಳೂರಿನಲ್ಲಿ 1961ರಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆ ಆರಂಭವಾಯಿತು. ಕೂದಲಿನಷ್ಟು ತೆಳ್ಳಗಿನ ಸ್ಪ್ರಿಂಗನ್ನು ಕೂರಿಸುವ ಕೆಲಸದಲ್ಲಿ ಅಲ್ಲಿ ಎಷ್ಟೋ ಹೆಣ್ಣುಮಕ್ಕಳು ದುಡಿದರು. ಚನ್ನಪಟ್ಟಣಕ್ಕೆ ಹೋಗಿ ನೋಡಿ. ಆಲೆ ಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗ ಅರಗಿನ ಕಡ್ಡಿ ಒತ್ತಿ ಬಣ್ಣ ಹಿಡಿಸಿ, ಒಣಗಿದ ಕೇದಗೆ ಎಲೆಯಿಂದ ಹೊಳಪು ಕೊಡುವ ಕೆಲಸದಲ್ಲಿ ಹೆಂಗಸರೂ ಇದ್ದಾರೆ. ನೀವು ತೊಟ್ಟಿಲಿಗೆ ಕಟ್ಟಿದ ಗಿಲಕಿಯ ಹೊಳಪು ಅವರ ಕೈಯದಾಗಿರಬಹುದು. ಕೆಲಸ ಮಾಡಲು ಬರುತ್ತದೆ. ಯಂತ್ರದ ಒಡತಿಯಾಗಲು ಮಾತ್ರ ಬರುವುದಿಲ್ಲ! ಇದು ಯಾವ ನ್ಯಾಯ?

ನಾನು ಕೇಳುವುದು ದಾನವಲ್ಲ. ನಮಗೆ ಬಿಟ್ಟಿ ಕೊಡಿ ಎನ್ನುತ್ತಿಲ್ಲ. ಗುಜರಿಯವನಿಗಿಂತ ಹೆಚ್ಚು ಕೊಡುತ್ತೇವೆ, ತೆಗೆದುಕೊಳ್ಳಿ ಎನ್ನುತ್ತಿದ್ದೇನೆ. ಅದಕ್ಕೆ ಬೇಕಾದ್ದು ಕೆಲವೇ ಕೆಲಸ.

ಮೊದಲನೆಯದು, ಯಂತ್ರವನ್ನು ಯಂತ್ರವೆಂದೇ ಮಾರಬೇಕು. ಒಂದು ಯಂತ್ರ, ಒಂದು ಲಾಟು. ಮುರಿದ ಮಂಚಕ್ಕೂ ಲೇತಿಗೂ ನಂಟು ಹಚ್ಚಬಾರದು. ಬಿಡಿಯಾಗಿ ಯಾರೂ ಕೊಳ್ಳದೆ ಉಳಿದದ್ದನ್ನು ಬೇಕಾದರೆ ಆಮೇಲೆ ತೂಕಕ್ಕೆ ಹಾಕಲಿ.

ಎರಡನೆಯದು, ಪರಿಶೀಲನೆಗೆ ಒಂದು ಭಾನುವಾರವನ್ನಾದರೂ ಇಡಬೇಕು. ಆ ದಿನ ಕರೆಂಟು ಇರಬೇಕು. ಓಡಿಸಿ ನೋಡದೆ ಕೊಳ್ಳುವ ಧೈರ್ಯ ಇರುವುದು ಕಬ್ಬಿಣ ಕೊಳ್ಳುವವನಿಗೆ ಮಾತ್ರ. ಸೀರೆಯನ್ನು ಮಡಿಕೆ ಬಿಚ್ಚಿ ನೋಡದೆ ಕೊಳ್ಳುತ್ತೀರೇನು?

ಮೂರನೆಯದು, ಕೊಳ್ಳುವಾಗ ಇರುವ ಠೇವಣಿಯ ವಿನಾಯಿತಿಯನ್ನು ಮಾರುವಾಗಲೂ ಕೊಡಬೇಕು. ನೋಂದಣಿಯಾದ ಕುಶಲಕರ್ಮಿಗಳಿಗೆ, ಹೆಂಗಸರ ಸಂಘಗಳಿಗೆ ಠೇವಣಿ ಬೇಡ. ಹಣ ಕಟ್ಟದಿದ್ದರೆ ಮುಂದಿನ ಹರಾಜಿಗೆ ಸೇರಿಸಬೇಡಿ, ಸಾಕು.

ನಾಲ್ಕನೆಯದು, ಪಟ್ಟಿಯನ್ನು ಕನ್ನಡದಲ್ಲಿ, ಯಂತ್ರದ ಹೆಸರು, ಅಳತೆ, ಚಿತ್ರದ ಸಮೇತ ತಾಲ್ಲೂಕು ಕಚೇರಿ, ಪಂಚಾಯಿತಿ, ಅಂಗನವಾಡಿಗಳ ಗೋಡೆಗೆ ಅಂಟಿಸಬೇಕು. ಪಲ್ಸ್ ಪೋಲಿಯೊ ದಿನವನ್ನು ಮನೆಮನೆಗೂ ಮುಟ್ಟಿಸಬಲ್ಲ ಸರ್ಕಾರಕ್ಕೆ ಇದೊಂದು ದೊಡ್ಡ ಕೆಲಸವಲ್ಲ.

ಐದನೆಯದು, ದುಡಿಯುವ ಸ್ಥಿತಿಯಲ್ಲಿರುವ ಯಂತ್ರವನ್ನು ಕೊಂಡವರು ಮೂವತ್ತು ದಿನ ಒಡೆಯಬಾರದು ಎಂಬ ಷರತ್ತು ಇರಬೇಕು. ಬೇಕಾದವರು ಹುಡುಕಿಕೊಂಡು ಹೋಗಲು ಅಷ್ಟಾದರೂ ಕಾಲ ಸಿಗಲಿ.

ಇದರಲ್ಲಿ ಯಾವುದಕ್ಕೂ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಿಲ್ಲ. ಬೊಕ್ಕಸಕ್ಕೆ ಹೆಚ್ಚು ದುಡ್ಡು ಬರುತ್ತದೆ. ಬೇಕಾದದ್ದು ಗುಮಾಸ್ತರ ಅರ್ಧ ದಿನದ ಹೆಚ್ಚಿನ ಕೆಲಸ, ಮೇಲಧಿಕಾರಿಯ ಐದು ಸಹಿ.

ನಮ್ಮ ಅಜ್ಜಿಯರು ಮನೆ ಬದಲಾಯಿಸುವಾಗ ಒರಳುಕಲ್ಲನ್ನು ಮಾರುತ್ತಿದ್ದರು. ಯಾವ ಅಜ್ಜಿಯೂ ಅದನ್ನು ಕಲ್ಲಿನ ತೂಕಕ್ಕೆ ಮಾರಲಿಲ್ಲ. ಯಾರ ಮನೆಯಲ್ಲಿ ರುಬ್ಬುವವರಿದ್ದಾರೆ ಎಂದು ವಿಚಾರಿಸಿ, ಗುಂಡು ಸಮೇತ, 'ಚೆನ್ನಾಗಿ ರುಬ್ಬುತ್ತದಮ್ಮ' ಎಂದು ಹೇಳಿ ಕೊಡುತ್ತಿದ್ದರು. ಓದು ಬರಹ ಬಾರದ ಆ ಹೆಂಗಸರಿಗೆ ಗೊತ್ತಿದ್ದ ಮಾರಾಟದ ಧರ್ಮ ಇಷ್ಟು ದೊಡ್ಡ ಕಚೇರಿಗಳಿಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ. ಗೊತ್ತಿದೆ. ಕೇಳುವವರಿಲ್ಲ, ಅಷ್ಟೆ.

ಕೇಳುವವರು ನಾವಾಗಬೇಕು. ನಿಮ್ಮ ಊರಿನಲ್ಲಿ ಯಾವುದೋ ಶಾಲೆ, ಕಾರ್ಖಾನೆ, ತರಬೇತಿ ಕೇಂದ್ರ ಮುಚ್ಚುತ್ತಿರಬಹುದು. ಒಳಗೆ ಏನಿದೆ ಎಂದು ವಿಚಾರಿಸಿ. ಲೇತಾಗಬಹುದು, ಮುದ್ರಣ ಯಂತ್ರವಾಗಬಹುದು, ಮಗ್ಗವಾಗಬಹುದು, ಬೇಕರಿಯ ಒಲೆಯಾಗಬಹುದು. ಹರಾಜು ಪ್ರಕಟಣೆ ಬರುವ ಮೊದಲೇ ನಾಲ್ಕು ಜನ ಸೇರಿ ಒಂದು ಅರ್ಜಿ ಬರೆಯಿರಿ. 'ಇವನ್ನು ಬಿಡಿಬಿಡಿಯಾಗಿ ಮಾರಿ, ನಾವು ಕೊಳ್ಳುವವರಿದ್ದೇವೆ' ಎಂದು ಬರೆದು, ಒಂದು ಪ್ರತಿಗೆ ಮುದ್ರೆ ಹಾಕಿಸಿ ಇಟ್ಟುಕೊಳ್ಳಿ. ಆಮೇಲೆ ಅವರು ರಾಶಿ ಮಾಡಿ ಮಾರಿದರೆ ಆ ಮುದ್ರೆಯ ಪ್ರತಿಯನ್ನು ಮುಂದಿಟ್ಟು ಮಾಹಿತಿ ಹಕ್ಕಿನಡಿ ಲೆಕ್ಕ ಕೇಳಿ. 2005ರ ಆ ಕಾಯಿದೆಯ ಅರ್ಜಿಗೆ ಕೇಂದ್ರದ ಕಚೇರಿಯಲ್ಲೂ ನಮ್ಮ ರಾಜ್ಯದಲ್ಲೂ ಹತ್ತೇ ರೂಪಾಯಿ. ಕಿಲೋಗೆ ಎಷ್ಟು ಬಿತ್ತು, ನಾವು ಎಷ್ಟು ಕೊಡುತ್ತೇವೆಂದಿದ್ದೆವು, ನಡುವಿನ ಹಣ ಎಲ್ಲಿಗೆ ಹೋಯಿತು ಎಂದು ಕೇಳಿ. ನಾನು ಕೇಳಿದ್ದೇನೆ. 64,000 ರೂಪಾಯಿಯ ಲೆಕ್ಕ ಇನ್ನೂ ಬರಬೇಕಾಗಿದೆ. ಬರುವವರೆಗೆ ಪ್ರತಿ ತಿಂಗಳೂ ನನ್ನದೊಂದು ಪತ್ರ ಆ ಕಚೇರಿಗೆ ಹೋಗುತ್ತಿರುತ್ತದೆ.